ನೋಡುವವರ ಹೊಣೆ

ರೋಮ್ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳಿಗೆ ಕೊಲೋಸಿಯಮ್‌ನಲ್ಲಿ ನೀತಿಪಾಠ ಸುಲಭವಾಗಿ ಸಿಗುತ್ತದೆ. ಸುಮಾರು 50,000 ಜನ ಕೂತು, ಮನುಷ್ಯ ಮನುಷ್ಯನನ್ನು ಕೊಲ್ಲುವುದನ್ನು ಆಟವೆಂದು ನೋಡುತ್ತಿದ್ದರು ಎಂದು ಕೇಳಿದರೆ ಯಾರಾದರೂ ಮುಖ ಸಿಂಡರಿಸುತ್ತಾರೆ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಅದನ್ನು ತೆರೆದಾಗ ಉತ್ಸವ ನೂರು ದಿನ ನಡೆಯಿತಂತೆ. ಎಂಥ ಕ್ರೂರಿಗಳು ಅನ್ನುತ್ತೇವೆ. ಅನ್ನಲೇಬೇಕು.

ಕಷ್ಟದ ಪಾಠ ಇರುವುದು ಪಾಂಪೆಯಲ್ಲಿ. ಅದರ ಹಿಂದಿನ ವರ್ಷ, 79ರಲ್ಲಿ, ವೆಸೂವಿಯಸ್ ಸಿಡಿದು ಆ ಊರನ್ನು ಬೂದಿಯಲ್ಲಿ ಹೂತಿತು. ದೇಹಗಳ ಮಾಂಸ ಕರಗಿ ಹೋಯಿತು; ಗಟ್ಟಿಯಾದ ಬೂದಿಯೊಳಗೆ ಅವುಗಳ ಆಕಾರದ ಪೊಳ್ಳು, ಅದರೊಳಗೆ ಎಲುಬು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಪೊಳ್ಳುಗಳಿಗೆ ಪ್ಲಾಸ್ಟರ್ ತುಂಬಿಸಿದರು. ಸುತ್ತಲಿನ ಬೂದಿ ಬಿಡಿಸಿದಾಗ ಮಡಿಚಿದ ಮೊಣಕಾಲು, ಬಟ್ಟೆಯ ನೆರಿಗೆಯ ಸಮೇತ, ಸತ್ತ ಭಂಗಿಯಲ್ಲೇ ಮನುಷ್ಯರು ಕಂಡರು. ‘ಓಡಿಹೋಗುತ್ತಿದ್ದವರ ತೋಟ’ ಎನ್ನುವ ಜಾಗದಲ್ಲಿ ಮಕ್ಕಳೂ ಸೇರಿ 13 ಜನ ಬಿದ್ದಿದ್ದಾರೆ. ಎಷ್ಟೋ ಅಚ್ಚುಗಳ ಒಳಗೆ ಅವರದೇ ಎಲುಬುಗಳಿವೆ.

ಇಂಥವರ ಎದುರು ಗುಂಪುಗೂಡಿ ಸೆಲ್ಫಿ ತೆಗೆಯುವಾಗ ನಾವೂ ಕೊಲೋಸಿಯಮ್ಮಿನ ಮೆಟ್ಟಿಲೇರಿ ಕೂತಂತಲ್ಲವೇ? ಇವರನ್ನು ಕೊಂದವರು ನಾವಲ್ಲ. ಆ ವ್ಯತ್ಯಾಸ ದೊಡ್ಡದು. ಆದರೆ ಇನ್ನೊಬ್ಬರ ಸಾವಿನಿಂದ ಮೋಜು ಪಡೆಯುವ ಅಭ್ಯಾಸ ಎರಡೂ ಕಡೆ ಒಂದೇ.

ಹಾಗೆಂದು ನೋಡಲೇಬಾರದೆಂದಲ್ಲ. ವೆಸೂವಿಯಸ್ ಸಿಡಿದ ದಿನ ಕೊಲ್ಲಿಯ ಆಚೆ ದಡದ ಮಿಸೆನಮ್ಮಿನಲ್ಲಿ 17ರ ಹುಡುಗ ಪ್ಲಿನಿಯೂ ನೋಡುತ್ತಿದ್ದ. ನೌಕಾಪಡೆಯ ಮುಖ್ಯಸ್ಥನಾಗಿದ್ದ ಅವನ ಸೋದರಮಾವ ಮೊದಲು ಹೊರಟಿದ್ದೂ ಬರೀ ಕುತೂಹಲಕ್ಕೆ. ಅಷ್ಟರಲ್ಲಿ ಕಾಪಾಡಿ ಎಂದು ಹೆಂಗಸೊಬ್ಬಳ ಓಲೆ ಬಂತು. ಅವನು ದೊಡ್ಡ ಹಡಗುಗಳನ್ನು ಹೊರಡಿಸಿ ಜನರನ್ನು ಕರೆತರಲು ಹೋದ, ಸ್ಟೇಬಿಯೆಯ ದಡದಲ್ಲಿ ಸತ್ತ. ಮರುದಿನ ಮಿಸೆನಮ್ಮಿಗೂ ಬೂದಿ ಕವಿದಾಗ ತಾಯಿ, ನನ್ನನ್ನು ಬಿಟ್ಟು ನೀನಾದರೂ ಓಡು ಎಂದು ಮಗನನ್ನು ಬೇಡಿಕೊಂಡಳು. ಅವನು ಒಪ್ಪಲಿಲ್ಲ, ಅವಳ ಕೈ ಹಿಡಿದುಕೊಂಡೇ ನಡೆದ. ನೋಡುವ ಕಣ್ಣಿಗೆ ಕೈಕಾಲೂ ಜೊತೆಯಾದದ್ದು ಹೀಗೆ.

ಇದನ್ನೆಲ್ಲ ಪ್ಲಿನಿ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಎರಡು ಪತ್ರಗಳಲ್ಲಿ ಬರೆದ. ಎರಡೂ ಉಳಿದಿವೆ, ಕೆಲವೇ ಪುಟಗಳು. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ನೇಪಲ್ಸ್‌ನಿಂದ ಪಾಂಪೆಗೆ ಹೋಗುವ ರೈಲಿನಲ್ಲಿ ಆ ಪತ್ರಗಳನ್ನು ಓದಿ ಹೇಳಿ. ಕೇಳುವವರದ್ದೂ ಹೆಚ್ಚುಕಡಿಮೆ ಪ್ಲಿನಿಯ ವಯಸ್ಸೇ. ಆಮೇಲೆ, ಆ ತೋಟದಲ್ಲಿ ಮೊಬೈಲ್ ಯಾಕೆ ಜೇಬಿನಲ್ಲೇ ಇರಬೇಕು ಎಂಬುದನ್ನು ಅವರೇ ಹೇಳುವಂತೆ ಮಾಡಿ.