ಮುಪ್ಪಿನ ತುತ್ತು: ವ್ರತವೋ, ಅಶಕ್ತಿಯೋ?

ಬಾಹ್ಯ ತಪಗಳಾರರಲ್ಲಿ ಎರಡನೆಯದು ಅವಮೌದರ್ಯ. ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳು ಪೂರ್ಣಾಹಾರವೆಂದು ಶಾಸ್ತ್ರದ ಎಣಿಕೆ. ಅದರಲ್ಲಿ ಬುದ್ಧಿಪೂರ್ವಕವಾಗಿ ಒಂದನ್ನು ಬಿಟ್ಟರೂ ತಪವೇ. ಆದರೆ ಮನೆಯ ಹಿರಿಯರು ಹಲ್ಲಿಲ್ಲದೆ, ನಾಲಗೆ ರುಚಿಗೆಟ್ಟು, ಇಲ್ಲವೆ ಜೊತೆಗೆ ಕುಳಿತು ಉಣ್ಣುವವರಿಲ್ಲದೆ ಅರ್ಧ ಊಟಕ್ಕೇ ಎದ್ದರೆ ಅದು ತಪವಾಗದು. “ಅಜ್ಜಿಯದು ಏಕಾಶನ” ಎಂದು ಮನೆಮಂದಿ ಕೈಮುಗಿದು ಸುಮ್ಮನಾಗುವುದುಂಟು. ಕೈಮುಗಿಯುವ ಮೊದಲು ವಿಚಾರಿಸಬೇಕು: ನಿಯಮ ತೆಗೆದುಕೊಂಡಿರುವರೇ? ಮೂರು ತಿಂಗಳಲ್ಲಿ ಮೈ ಇಳಿದಿದೆಯೇ? ರವಿಕೆ ಸಡಿಲವಾಗಿದೆಯೇ? ಷೋಡಶ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಆಚಾರ್ಯರು ವ್ಯರ್ಥವಾಗಿ ಸೇರಿಸಲಿಲ್ಲ. ಸಲ್ಲೇಖನದಲ್ಲಿಯೂ ಸಮಂತಭದ್ರಾಚಾರ್ಯರು ಮೊದಲು ಅನ್ನ, ಬಳಿಕ ಹಾಲಿನಂತಹ ಸ್ನಿಗ್ಧಪಾನ, ಆಮೇಲೆ ಖರಪಾನ ಎಂದು ಅರಿತು ಬಿಡುವ ಕ್ರಮವನ್ನೇ ವಿಧಿಸಿರುವರು. ನಿಯಮವಿಲ್ಲದ ಹಿರಿಯರಿಗೆ ಸೂರ್ಯಾಸ್ತಕ್ಕೆ ಮುನ್ನವೇ ಮೆತ್ತಗೆ ಬೆಂದ ಹೆಸರುಬೇಳೆಯ ಅನ್ನವನ್ನು ಬಡಿಸಿ, ಅವರು ಉಂಡು ಏಳುವವರೆಗೆ ಶ್ರಾವಕರು ಪಕ್ಕದಲ್ಲಿ ಕುಳಿತಿರಲಿ.