ಕೊಸರು

ಸೋಲೂರಿನಲ್ಲಿ ನನ್ನ ತಮ್ಮನದೊಂದು ಚಿಕ್ಕ ದಿನಸಿ ಅಂಗಡಿಯಿತ್ತು. ರಾಗಿ, ಅವರೆಕಾಳು, ಬೆಲ್ಲ, ಏನನ್ನೇ ತೂಗಲಿ, ತಕ್ಕಡಿ ಸಮನಾದ ಮೇಲೆ ಒಂದು ಚಿಟಿಕೆಯೋ ಹಿಡಿಯೋ ಹೆಚ್ಚಿಗೆ ಹಾಕುವುದು ಅವನ ಅಭ್ಯಾಸ. “ಲೆಕ್ಕದ್ದು ಲೆಕ್ಕಕ್ಕೆ, ಇದು ಕೊಸರು” ಎನ್ನುತ್ತಿದ್ದ. ಕೊಸರನ್ನು ಕೇಳಿ ಪಡೆಯುವ ಗಿರಾಕಿಗಳು ಎಲ್ಲ ಕಡೆ ಇರುತ್ತಾರೆ. ಇವನು ಕೇಳದವರಿಗೂ ಹಾಕುವವನು. ಅವನ ಹೆಂಡತಿ ಇದಕ್ಕಾಗಿ ಗೊಣಗದ ದಿನವಿರಲಿಲ್ಲ.

2015ರ ದೀಪಾವಳಿ ಕಳೆದ ಮೇಲೆ ಅವನ ಲೆಕ್ಕ ತಪ್ಪತೊಡಗಿತು. ಐವತ್ತರ ನೋಟಿಗೆ ಐನೂರರ ಚಿಲ್ಲರೆ ಕೊಟ್ಟ. ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಪಿತ್ತವೆಂದು ಕಷಾಯ ಕುಡಿಸಿದೆವು, ಕಣ್ಣಿನ ದೋಷವೆಂದು ಕನ್ನಡಕ ಹಾಕಿಸಿದೆವು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಆಯಿತು. ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ಗ್ಲಿಯೋಬ್ಲಾಸ್ಟೋಮ ಎಂಬ ಹೆಸರೂ ಗೊತ್ತಾಯಿತು. ಮೆದುಳಿನ ಕ್ಯಾನ್ಸರ್‌ಗಳಲ್ಲಿ ಅತ್ಯಂತ ಉಗ್ರವಾದವುಗಳಲ್ಲಿ ಅದೂ ಒಂದಂತೆ.

ನಾನು ಹೇಳಬೇಕೆಂದಿರುವುದು ರೋಗದ ಕಥೆಯನ್ನಲ್ಲ, ಆಪರೇಷನ್ನಿನ ಹಿಂದಿನ ಸಂಜೆ ನಡೆದ ಒಂದು ಸಣ್ಣ ಸಂಗತಿಯನ್ನು.

ಎಳೆಯ ವಯಸ್ಸಿನ ಒಬ್ಬ ಡಾಕ್ಟರು ಕಾಗದವೊಂದನ್ನು ಹಿಡಿದು ಬಂದರು. ತೆಗೆದ ಗಡ್ಡೆಯಲ್ಲಿ ಪರೀಕ್ಷೆಗೆ ಬೇಕಾದಷ್ಟನ್ನು ಬಳಸಿ, ಉಳಿದ ಒಂದು ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆ ಬೇಕಿತ್ತು. ಆತ ಕನ್ನಡದಲ್ಲೇ ಸಾವಧಾನವಾಗಿ ಓದಿ ಹೇಳಿದರು: “ಇದರಿಂದ ನಿಮ್ಮ ಚಿಕಿತ್ಸೆಗೆ ನೇರವಾಗಿ ಪ್ರಯೋಜನ ಇರೋದಿಲ್ಲ. ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗೋದಿಲ್ಲ.” ಔಷಧಿಯ ಮಂಪರಿನಲ್ಲಿದ್ದ ತಮ್ಮ ನನ್ನ ಕಡೆ ತಿರುಗಿ, “ಏನಂತೆ ಅಕ್ಕಾ?” ಎಂದ. ಡಾಕ್ಟರನ್ನು ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಕರೆದರು. ನಾನು ಹೇಳಿದೆ: “ನಿನ್ನ ಗಡ್ಡೆ ನೋಡಿ ಔಷಧಿ ಕಂಡುಹಿಡೀತಾರಂತೆ ಕಣೋ. ಸೈನು ಹಾಕು.”

ಅವನು ಹಾಕಿದ.

ಆಮೇಲೆ ಅವನು ಬದುಕಿದ್ದು ಹದಿನಾಲ್ಕು ತಿಂಗಳು. ಪ್ರತಿ ಸಲ ಆಸ್ಪತ್ರೆಯಿಂದ ಬರುವಾಗ ನೆಲಮಂಗಲ ದಾಟುವಷ್ಟರಲ್ಲಿ ಒಂದೇ ಪ್ರಶ್ನೆ: “ಆ ಚೂರು ಏನಾಯ್ತಂತೆ?” ನಾನು, “ಇನ್ನೂ ನೋಡ್ತಾ ಇದಾರಂತೆ” ಎನ್ನುತ್ತಿದ್ದೆ. ಮಾತು ತೊದಲತೊಡಗಿದ ಮೇಲೂ ‘ಚೂರು’ ಎಂಬ ಪದ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಅವನು ಹೋದ ಮೇಲೆ, ಆ ಚೂರನ್ನಿಟ್ಟುಕೊಂಡು ಇವರು ಏನು ಮಾಡುತ್ತಾರೆ ಎಂದು ತಿಳಿಯುವ ಹಟ ಹುಟ್ಟಿತು. ನಾನು ಬಿ.ಎ. ಓದಿದವಳು, ವಿಜ್ಞಾನ ನನ್ನ ಪಾಠವಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕಾಡಿ ಬೇಡಿ ತಿಳಿದುಕೊಂಡದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ಕಡೆಯ ತೋಟಗಳಲ್ಲಿ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟು ಬಂದರೆ ಮೋಟಾರು ತಾನೇ ಓಡುತ್ತದೆ. ಜೀವಕೋಶಕ್ಕೂ ‘ಬೆಳೆ’ ಎಂದು ಹೇಳುವ ಇಂಥ ಸ್ಟಾರ್ಟರುಗಳಿವೆ. ಅದರಲ್ಲೊಂದು ಕೆಟ್ಟು, ನಿಲ್ಲದೆ ಓಡತೊಡಗಿದರೆ ಕ್ಯಾನ್ಸರ್ ಆಗಬಹುದು. ಕೆಟ್ಟ ಆ ಒಂದು ಅಣುವನ್ನೇ ಗುರಿಯಾಗಿಸಿ ಔಷಧಿ ಮಾಡುವುದು ಈಗಿನ ದಾರಿ. ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಕೆಟ್ಟಿರುವುದು ಮುಖ್ಯವಾಗಿ ಒಂದೇ ಸ್ಟಾರ್ಟರ್. 2001ರಲ್ಲಿ ಬಂದ ಇಮ್ಯಾಟಿನಿಬ್ ಎಂಬ ಮಾತ್ರೆ ಅದನ್ನು ನಿಲ್ಲಿಸಿ, ಎಷ್ಟೋ ಜನರಿಗೆ ದೀರ್ಘ ಬದುಕು ಕೊಟ್ಟಿತು.

ತಮ್ಮನಿಗೆ ಬಂದ ಗಡ್ಡೆ ಹಾಗಲ್ಲ. ಅಂಥ ಹಲವು ಗಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಸ್ಟಾರ್ಟರ್ ಮಿತಿಮೀರಿ ಇರುತ್ತದೆ. ಬೆಂಗಳೂರಿನ ಬಯೋಕಾನ್ ಕಂಪನಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆಂದು 2006ರಲ್ಲಿ ಮಾರುಕಟ್ಟೆಗೆ ತಂದ ನಿಮೋಟುಝುಮ್ಯಾಬ್ ಔಷಧಿಯ ಗುರಿಯೂ ಇದೇ ಅಣು. ಆದರೆ ಮೆದುಳಿನ ಗಡ್ಡೆಯಲ್ಲಿ ಇದನ್ನು ಹಿಡಿಯಲು ಮಾಡಿದ ಪ್ರಯತ್ನಗಳು ಬಹುಮಟ್ಟಿಗೆ ಸೋತಿವೆ. ರಕ್ತದಿಂದ ಮೆದುಳಿಗೆ ಔಷಧಿ ಸುಲಭವಾಗಿ ದಾಟದಂತೆ ಪ್ರಕೃತಿಯೇ ಬೇಲಿ ಹಾಕಿದೆ. ದಾಟಿದರೂ, ಒಂದೇ ಗಡ್ಡೆಯೊಳಗೆ ಒಂದೊಂದು ಕೋಶಕ್ಕೂ ಒಂದೊಂದು ಸ್ಟಾರ್ಟರ್. ಒಂದು ಬೋರ್‌ವೆಲ್ ನಿಲ್ಲಿಸಿದರೆ ಪಕ್ಕದ ನಾಲ್ಕು ಓಡುತ್ತಿರುತ್ತವೆ. ಅವನು ನುಂಗಿದ ಟೆಮೊಝೋಲೋಮೈಡ್ ಮಾತ್ರೆಯನ್ನು ವಿಕಿರಣದ ಜೊತೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ರೋಗಿಗಳು ಬದುಕಿದ ಮಧ್ಯಮ ಅವಧಿ 12.1 ತಿಂಗಳಿಂದ 14.6ಕ್ಕೆ ಏರಿತ್ತು. ಎರಡೂವರೆ ತಿಂಗಳು! ಅದನ್ನೇ ಗೆಲುವೆಂದರು, ಆ ರೋಗದ ಮುಂದೆ ಅದು ಗೆಲುವೇ.

ಹಾಗಾದರೆ ಚೂರುಗಳನ್ನು ಕೂಡಿಡುವುದೇಕೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮೆದುಳಿನ ಅಂಗಾಂಶಗಳನ್ನು ಕಾಪಿಡುವ ಬ್ಯಾಂಕ್ ಇದೆ. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ, ಇಂಥ ಗಡ್ಡೆಗಳಲ್ಲಿನ 14 ಜೀನ್‌ಗಳ ನಡವಳಿಕೆಯಿಂದ ರೋಗ ಯಾರಲ್ಲಿ ಹೆಚ್ಚು ಉಗ್ರವಾದೀತು ಎಂದು ಗುರುತಿಸುವ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಅದೆಲ್ಲ ಯಾರ ಯಾರದೋ ಚೂರುಗಳಿಂದಲೇ ಬಂದ ತಿಳುವಳಿಕೆ.

ಇನ್ನೂ ಒಂದು ಸಂಗತಿ ನನ್ನ ಮನಸ್ಸನ್ನು ಬಿಡದೆ ಹಿಡಿದಿದೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 22 ಮಂದಿಯ ಗ್ಲಿಯೋಬ್ಲಾಸ್ಟೋಮ ಗಡ್ಡೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಓದಿದರು. ಕೆಲವರ ಗಡ್ಡೆಯಲ್ಲಿ ಐಡಿಎಚ್1 ಎಂಬ, ಅದುವರೆಗೆ ಯಾರೂ ಅನುಮಾನಿಸದಿದ್ದ ಜೀನ್ ಬದಲಾಗಿರುವುದು ಕಂಡಿತು. ನಿಧಾನವಾಗಿ ಬೆಳೆಯುವ ಮೆದುಳಿನ ಗಡ್ಡೆಗಳಲ್ಲಿ ಆ ಬದಲಾವಣೆ ಬಹಳ ಸಾಮಾನ್ಯವೆಂದು ಮುಂದೆ ತಿಳಿಯಿತು. 2024ರ ಆಗಸ್ಟ್‌ನಲ್ಲಿ ಅದನ್ನೇ ಗುರಿಯಾಗಿಸಿದ ವೊರಾಸಿಡೆನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ರೋಗವನ್ನು ಗುಣಪಡಿಸುವುದಿಲ್ಲ. ಆದರೆ ಅಂಥ ಗಡ್ಡೆ ಮತ್ತೆ ಬೆಳೆಯದಿರುವ ಅವಧಿಯನ್ನು ಸುಮಾರು 11 ತಿಂಗಳಿಂದ 27 ತಿಂಗಳ ಆಚೆಗೆ ಒಯ್ದಿದೆ. ನಡುವೆ ಹದಿನಾರು ವರ್ಷ. ಆ 22 ಮಂದಿಯ ಉಗ್ರ ರೋಗಕ್ಕೆ ಅವರ ಚೂರಿನಿಂದ ಏನೂ ದಕ್ಕಲಿಲ್ಲ. ಈಗ ಮಾತ್ರೆ ನುಂಗುತ್ತಿರುವವರಿಗೆ ಅವರ ಹೆಸರೂ ಗೊತ್ತಿಲ್ಲ.

ಇದನ್ನು ತಿಳಿದ ದಿನ ಸಂತೋಷವಾಗಬೇಕಿತ್ತು. ನನಗೆ ನಾಚಿಕೆಯಾಯಿತು.

ರೋಗಿಗೆ ಧೈರ್ಯ ಬರಲೆಂದು ಸುಳ್ಳು ಹೇಳುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. “ಮುಂದಿನ ಜಾತ್ರೆ ಹೊತ್ತಿಗೆ ಎದ್ದು ಓಡಾಡ್ತೀಯ” ಎನ್ನುತ್ತೇವೆ. ಹೇಳುವವರಿಗೂ ಕೇಳುವವರಿಗೂ ಅದು ಎಂಥದೆಂದು ಗೊತ್ತಿರುತ್ತದೆ, ಅದರಲ್ಲಿ ಪ್ರೀತಿಯೂ ಇರುತ್ತದೆ. ಆದರೆ ನಾನು ಹೇಳಿದ ಸುಳ್ಳು ಧೈರ್ಯಕ್ಕಾಗಿ ಅಲ್ಲ, ಸೈನಿಗಾಗಿ. ಅವನು ಬೇಡವೆಂದುಬಿಟ್ಟರೆ ಡಾಕ್ಟರ ಮುಂದೆ ನಮ್ಮ ಮನೆಯವರು ಸಣ್ಣವರಾಗುತ್ತೇವೆ ಎಂಬ ಅಳುಕು ನನ್ನಲ್ಲಿತ್ತು. ಹಳ್ಳಿಯ ಅಂಗಡಿಯವನಿಗೆ ಇದೆಲ್ಲ ಅರ್ಥವಾಗದು ಎಂಬ ಮೇಡಂಗಿರಿಯೂ ಇತ್ತು.

“ಅದರಿಂದ ಯಾರಿಗೇನು ನಷ್ಟವಾಯಿತು?” ಎಂದು ನೀವು ಕೇಳಬಹುದು. ಚೂರು ಸುಳ್ಳಿನಿಂದ ಬಂದರೂ ಸತ್ಯದಿಂದ ಬಂದರೂ ಸೂಕ್ಷ್ಮದರ್ಶಕದ ಕೆಳಗೆ ಒಂದೇ. ನಿಜ, ವಿಜ್ಞಾನಕ್ಕೆ ನಷ್ಟವಿಲ್ಲ. ನಷ್ಟವಾದದ್ದು ನನ್ನ ತಮ್ಮನಿಗೆ. ಒಂದು, ಬಾರದ ಉತ್ತರಕ್ಕಾಗಿ ಅವನನ್ನು ಹದಿನಾಲ್ಕು ತಿಂಗಳು ಕಾಯಿಸಿದೆ. ಇನ್ನೊಂದು, ಅದಕ್ಕಿಂತ ದೊಡ್ಡದು: ಕೊಡುವವನಾಗಿದ್ದವನನ್ನು ಬೇಡುವವನನ್ನಾಗಿ ಮಾಡಿದೆ. ಅವನು ಆ ಕಾಗದಕ್ಕೆ ಸೈನು ಹಾಕಿದ್ದು ವ್ಯಾಪಾರವೆಂದುಕೊಂಡು. ಚೂರು ಕೊಟ್ಟರೆ ಔಷಧಿ ಎಂದು. ಬದುಕಿನುದ್ದಕ್ಕೂ ಕೊಸರು ಹಾಕಿದವನಿಗೆ ಕೊನೆಯ ಕೊಸರು ಹಾಕುವ ಅವಕಾಶವನ್ನು ನಾನೇ ತಪ್ಪಿಸಿದೆ. ಅಳತೆ ತುಂಬಿದ ಮೇಲೆ ತಿಳಿದು ಹಾಕಿದ್ದು ಕೊಸರು. ತಿಳಿಯದೆ ಚೆಲ್ಲಿಹೋದದ್ದಕ್ಕೆ ಆ ಹೆಸರಿಲ್ಲ.

ನಿಮ್ಮ ಮನೆಗೂ ಎಂದಾದರೂ ಅಂಥ ಕಾಗದ ಬರಬಹುದು, ಬಾರದಿರಲಿ. ಬಂದರೆ ಕಾಯಿಲೆಯವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ: “ಇದರಿಂದ ನಿನಗೇನೂ ಸಿಗಲಾರದು. ಮುಂದೆ ಯಾರಿಗೋ ಆದೀತು. ಕೊಡ್ತೀಯಾ?” ಬೇಡವೆಂದರೆ ಬೇಡ. ನೋವು ತಿನ್ನುತ್ತಿರುವವರಿಗೆ ಒಲ್ಲೆ ಎನ್ನುವ ಹಕ್ಕಿದೆ, ಅದರಿಂದ ಅವರು ಸಣ್ಣವರಾಗುವುದಿಲ್ಲ. ಹೂಂ ಎಂದರೆ ಆ ಹೂಂ ಅವರದೇ ಆಗಿರಲಿ.

“ಆ ಚೂರು ಏನಾಯ್ತಂತೆ?” ಎಂದು ಅವನು ಇವತ್ತು ಕೇಳಿದರೆ ಉತ್ತರ ನನ್ನಲ್ಲಿದೆ: “ಅದು ನಿನಗಲ್ಲಪ್ಪ, ನಿನ್ನ ನಂತರದವರಿಗೆ.” ಅದಕ್ಕೆ ಅವನು ನಗುತ್ತಿದ್ದನೋ, ಸಿಟ್ಟಾಗುತ್ತಿದ್ದನೋ, “ಹೋಗ್ಲಿ ಬಿಡಕ್ಕಾ, ಕೊಸರು” ಎನ್ನುತ್ತಿದ್ದನೋ ನನಗೆ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ಆ ಒಂದು ಸಂಜೆ ನಾನು ಅವನನ್ನು ಕೇಳಲೇ ಇಲ್ಲ.