ಸತ್ಯವಾದ ಖರ್ಚು, ಸುಳ್ಳಾದ ಬರಹ

ವರ್ತಕನೊಬ್ಬನು ವ್ಯಾಪಾರಕ್ಕಾಗಿ ನಿಜವಾಗಿಯೂ ಹಣ ವ್ಯಯಿಸಿರುತ್ತಾನೆ, ಆದರೆ ಬರೆದಿಟ್ಟಿರುವುದಿಲ್ಲ. ತೆರಿಗೆ ಅಧಿಕಾರಿಯು ದಾಖಲೆ ಕೇಳಿದಾಗ, ಕಳೆದ ದಿನಗಳ ದಿನಚರಿಯನ್ನು ಇಂದು ಬರೆದು, ಅಂದೇ ಬರೆದುದೆಂದು ಒಪ್ಪಿಸಿದರೆ ಅದು ಅಸತ್ಯವೇ? ಖರ್ಚು ಸತ್ಯವಾಗಿರುವಾಗ ದೋಷವೆಲ್ಲಿ ಎಂದು ಸಜ್ಜನರೂ ಕೇಳುವುದುಂಟು.

ಈ ಪ್ರಶ್ನೆಯ ವಿಚಾರಕ್ಕೆ ಅಮೆರಿಕ ದೇಶದ ಒಂದು ಮೊಕದ್ದಮೆ ನೆರವಾಗುತ್ತದೆ. ನಾಟಕಕಾರರೂ ರಂಗನಿರ್ಮಾಪಕರೂ ಆಗಿದ್ದ ಜಾರ್ಜ್ ಎಂ. ಕೊಹಾನ್ ಅವರು ಪ್ರವಾಸಕ್ಕೂ, ನಟರು, ನೌಕರರು, ವಿಮರ್ಶಕರ ಸತ್ಕಾರಕ್ಕೂ 1921ರಿಂದ ಎರಡೂವರೆ ವರ್ಷಗಳಲ್ಲಿ 55,000 ಡಾಲರ್ ವೆಚ್ಚವಾಯಿತೆಂದು ಅಂದಾಜಿಸಿ, ಅದನ್ನು ಆದಾಯದಿಂದ ಕಳೆಯಬೇಕೆಂದು ಕೋರಿದರು. ಲೆಕ್ಕಪತ್ರವಿರಲಿಲ್ಲ. ತೆರಿಗೆ ಮಂಡಳಿಯು ಕೋರಿಕೆಯನ್ನು ಪೂರ್ಣವಾಗಿ ತಿರಸ್ಕರಿಸಿತು. 1930ರಲ್ಲಿ ಮೇಲ್ಮನವಿಯನ್ನು ಆಲಿಸಿದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು, ವೆಚ್ಚವಾದುದು ನಿಜವೆಂದ ಮೇಲೆ ಏನನ್ನೂ ಕೊಡದಿರುವುದು ಸಲ್ಲದು, ಸಾಧ್ಯವಾದಷ್ಟು ಸಮೀಪದ ಅಂದಾಜು ಮಾಡಬೇಕು, ಆದರೆ ಲೆಕ್ಕವಿಡದೆ ಅಸ್ಪಷ್ಟತೆಗೆ ಕಾರಣನಾದವನೇ ಅದರ ಭಾರವನ್ನು ಹೊರಬೇಕು ಎಂದು ತೀರ್ಪಿತ್ತರು.

ಈ ಔದಾರ್ಯ ದುರುಪಯೋಗವಾಯಿತು. 1962ರ ಕಾನೂನು ಪ್ರವಾಸ, ಸತ್ಕಾರಗಳ ವೆಚ್ಚಕ್ಕೆ ಅಂದಾಜನ್ನು ನಿಲ್ಲಿಸಿತು. ಮೊತ್ತ, ಕಾಲ, ಸ್ಥಳ, ವ್ಯಾಪಾರದ ಉದ್ದೇಶ, ಸತ್ಕಾರ ಪಡೆದವರೊಡನಿದ್ದ ವ್ಯವಹಾರ ಸಂಬಂಧ, ಇವಿಷ್ಟನ್ನೂ ದಾಖಲೆಯಿಂದಲೋ ತನ್ನ ಮಾತನ್ನು ಸಮರ್ಥಿಸುವ ಬೇರೆ ಸಾಕ್ಷ್ಯದಿಂದಲೋ ತೋರಿಸಬೇಕಾಯಿತು. 2017ರ ಕಾನೂನಿನಂತೆ 2018ರಿಂದ ಮನರಂಜನೆಯ ವೆಚ್ಚಕ್ಕೆ ಬಹುಮಟ್ಟಿಗೆ ಕಡಿತವೇ ಇಲ್ಲ. ಪ್ರವಾಸಕ್ಕೆ ದಾಖಲೆಯ ನಿಯಮ ಉಳಿದಿದೆ. ಬೆಂಕಿ, ಪ್ರವಾಹಗಳಂತಹ ಕೈಮೀರಿದ ಕಾರಣದಿಂದ ದಾಖಲೆ ಕಳೆದುಕೊಂಡವನು ಅದನ್ನು ನ್ಯಾಯವಾಗಿ ಪುನಃ ರಚಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ಪುನಃ ರಚಿಸುವವನು ಅದು ಈಗ ರಚಿಸಿದ್ದೆಂದು ಹೇಳಿಯೇ ಒಪ್ಪಿಸುತ್ತಾನೆ. ಹಳೆಯ ದಿನಾಂಕ ಹಾಕಿ ಬರೆಯುವವನಾದರೋ ಖರ್ಚಿನ ವಿಷಯದಲ್ಲಿ ಸುಳ್ಳಾಡದಿದ್ದರೂ ಬರಹದ ವಿಷಯದಲ್ಲಿ ಸುಳ್ಳಾಡುತ್ತಾನೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಪ್ರತ್ಯೇಕವಾಗಿ ಎಣಿಸಿರುವುದು ಗಮನಾರ್ಹ. ಬಾಯಿ ಆಡದ ಸುಳ್ಳನ್ನು ಕೈ ಬರೆಯಬಲ್ಲದು.

ಹಾಗಾದರೆ ಪ್ರಾಮಾಣಿಕನಿಗೆ ನಷ್ಟವಲ್ಲವೇ? ನಷ್ಟವೇ ಸರಿ. ಆದರೆ ಅದು ಅವನ ಪ್ರಮಾದದ ಫಲ. ಅದನ್ನು ತಪ್ಪಿಸಿಕೊಳ್ಳಲು ಕೂಟಲೇಖವನ್ನು ಮಾಡಿದರೆ ಪ್ರಮಾದವು ಬೇಕೆಂದೇ ಮಾಡಿದ ಪಾಪವಾಗುತ್ತದೆ. ಇದ್ದುದನ್ನು ಇದ್ದಂತೆ ಹೇಳಿ, ಸಿಕ್ಕಷ್ಟು ಸಾಕ್ಷ್ಯ ನೀಡಿ, ಒಪ್ಪಿಗೆಯಾಗದ ಭಾಗಕ್ಕೆ ತೆರಿಗೆ ಕಟ್ಟುವುದೇ ಸದ್ಗೃಹಸ್ಥನ ಮಾರ್ಗ. ದಿನದ ದೋಷಗಳನ್ನು ಅಂದೇ ನೆನೆದು ಪ್ರತಿಕ್ರಮಣ ಮಾಡುವ ಶ್ರಾವಕನಿಗೆ ದಿನದ ವೆಚ್ಚವನ್ನು ಅಂದೇ ಬರೆದಿಡುವುದು ಹೊರೆಯಾಗಲಾರದು.